ಜ್ಯಾಕ್ ಪ್ಲೇಟ್ ತಯಾರಿಕೆ: ತೂಕದ ದರ ಸಾಲದು

ಗೇಟು, ಗ್ರಿಲ್ಲು, ಟ್ರ್ಯಾಕ್ಟರ್ ಟ್ರೇಲರ್‌ಗಳ ಕೆಲಸಕ್ಕೆ ಕಿಲೋ ಲೆಕ್ಕದಲ್ಲಿ ದರ ಹೇಳುವುದು ಫ್ಯಾಬ್ರಿಕೇಷನ್ ಘಟಕಗಳ ರೂಢಿ. ಬಸವಕಲ್ಯಾಣ ಹಾಗೂ ಹುಮನಾಬಾದಿನ ಘಟಕವೊಂದಕ್ಕೆ ದೋಣಿಯ ಜ್ಯಾಕ್ ಪ್ಲೇಟಿನ ಬೇಡಿಕೆ ಬಂದರೆ ಈ ರೂಢಿಯನ್ನು ಬದಿಗಿಡುವುದು ಒಳಿತು. ಚುಳಕಿನಾಲಾ ಮತ್ತು ಕಾರಂಜಾ ಜಲಾಶಯಗಳು ಸಮೀಪದಲ್ಲಿವೆ. ಔಟ್‌ಬೋರ್ಡ್ ಮೋಟಾರುಗಳ ವಿಸ್ತಾರವಾದ ಬಳಕೆ ಕರಾವಳಿಯ ನಾಡದೋಣಿಗಳಲ್ಲಿದೆ.

ಉಪಯೋಗವೇನು?

ದೋಣಿಯ ಹಿಂಬದಿ ಹಲಗೆಗೂ ಮೋಟಾರಿಗೂ ನಡುವೆ ಜೋಡಿಸುವ ಈ ಸಾಧನವು ಮೋಟಾರಿನ ಎತ್ತರವನ್ನು ಹೊಂದಿಸಲು ನೆರವಾಗುತ್ತದೆ. ಸಣ್ಣ ಮೋಟಾರುಗಳಲ್ಲಿ ಗಿಡ್ಡ ಶಾಫ್ಟ್ ಸುಮಾರು 15 ಅಂಗುಲದ, ಉದ್ದ ಶಾಫ್ಟ್ ಸುಮಾರು 20 ಅಂಗುಲದ ಹಲಗೆಗೆ ಹೊಂದುತ್ತದೆ. ಪ್ರೊಪೆಲರ್‌ನ ಮೇಲಿರುವ ಅಡ್ಡ ಫಲಕವು ದೋಣಿಯ ತಳಕ್ಕೆ ಸಮನಾಗಿರುವಂತೆ ಇಟ್ಟು ಪರೀಕ್ಷೆ ಆರಂಭಿಸಬೇಕು. ಮೋಟಾರು ಅತಿಯಾಗಿ ಮೇಲೇರಿದರೆ ಪ್ರೊಪೆಲರ್ ಗಾಳಿಯನ್ನು ಸೆಳೆಯುತ್ತದೆ. ತಂಪುಗೊಳಿಸುವ ನೀರಿನ ದ್ವಾರ ಹೊರಬಂದರೆ ಎಂಜಿನ್ ಸುಟ್ಟುಹೋಗುವ ಅಪಾಯವಿದೆ. ಆದ್ದರಿಂದ ನಿತ್ಯ ಒಯ್ಯುವ ಭಾರದೊಡನೆಯೇ ಪರೀಕ್ಷೆ ನಡೆಯತಕ್ಕದ್ದು.

ಲೋಹದ ಆಯ್ಕೆ

ಸಿಹಿನೀರಿನಲ್ಲಿ ಗ್ಯಾಲ್ವನೈಸ್ ಮಾಡಿದ ಉಕ್ಕು ನಡೆಯುತ್ತದೆ. ಉಪ್ಪುನೀರಿಗೆ ಸಾಗರಯೋಗ್ಯ ಅಲ್ಯೂಮಿನಿಯಂ ಹಾಗೂ 316 ದರ್ಜೆಯ ಸ್ಟೇನ್‌ಲೆಸ್ ಬೋಲ್ಟುಗಳು ಸೂಕ್ತ. ಎರಡು ಲೋಹಗಳು ನೇರವಾಗಿ ತಾಗದಂತೆ ನಡುವೆ ನಿರೋಧಕ ವಾಷರ್ ಇಲ್ಲದಿದ್ದರೆ ಅಲ್ಯೂಮಿನಿಯಂ ಸವೆಯುತ್ತದೆ. 50 ಕಿಲೋ ಮೋಟಾರನ್ನು ನಾಲ್ಕು ಅಂಗುಲ ಹಿಂದಕ್ಕೆ ಸರಿಸಿದರೆ ಹಲಗೆಯ ಮೇಲೆ ಸುಮಾರು 5 ಕಿಲೋ-ಮೀಟರಿನಷ್ಟು ತಿರುಚುಬಲ ಹೆಚ್ಚುತ್ತದೆ. ಅಲೆಯ ಹೊಡೆತ ಬೇರೆ. ಹಲಗೆ ದುರ್ಬಲವಾಗಿದ್ದರೆ ಪ್ಲೇಟ್ ಎಷ್ಟು ಗಟ್ಟಿಯಾಗಿದ್ದರೂ ಪ್ರಯೋಜನವಿಲ್ಲ.

ವೆಚ್ಚದ ಲೆಕ್ಕ

30×40 ಸೆಂ.ಮೀ. ಅಳತೆಯ, 6 ಮಿ.ಮೀ. ದಪ್ಪದ ಎರಡು ಉಕ್ಕಿನ ಫಲಕಗಳು ಸುಮಾರು 11 ಕಿಲೋ ತೂಗುತ್ತವೆ. ಉದಾಹರಣೆಗಾಗಿ, ಕಿಲೋಗೆ 130 ರೂ. ಹಿಡಿದರೆ ಸಾಮಗ್ರಿಗೆ 1,430 ರೂ. ವೆಲ್ಡಿಂಗ್, ಗಾಡಿ ಕೊರೆತ, ಬೋಲ್ಟು, ಗ್ಯಾಲ್ವನೈಸಿಂಗ್‌ಗೆ 2,000 ರೂ. ಎಂದುಕೊಳ್ಳೋಣ. ನಕ್ಷೆ, ಡ್ರಿಲ್ ಜಿಗ್ ಹಾಗೂ ಮೊದಲ ಪರೀಕ್ಷೆಗೆ ಒಟ್ಟು 6,000 ರೂ. ತಗುಲಿದರೆ, ಒಂದೇ ಪ್ಲೇಟಿನ ವೆಚ್ಚ 9,430 ರೂ. ಹತ್ತು ತಯಾರಿಸಿದರೆ ತಲಾ 4,030 ರೂ. ಮಾತ್ರ. ಕಬ್ಬಿಣದ ತೂಕವನ್ನಷ್ಟೇ ನೋಡಿ ದರ ಹೇಳಿದವನು ಈ 6,000 ರೂಪಾಯಿಯನ್ನು ತನ್ನ ಬಂಡವಾಳದಿಂದಲೇ ತೆರಬೇಕಾಗುತ್ತದೆ.

ನಿರ್ಧಾರ

ಗ್ರಾಹಕನಿಗೆ ಒಂದೇ ಪ್ಲೇಟ್ ಸಾಕಾದರೆ, ಸಾಗಣೆ ಮತ್ತು ತೆರಿಗೆ ಸೇರಿಸಿದ ಸಿದ್ಧ ಪ್ಲೇಟಿನ ಬೆಲೆಯನ್ನು ಮೊದಲು ಹೋಲಿಸಬೇಕು. ಅದು ಅಗ್ಗವಾಗಿದ್ದರೆ ಹಾಗೆಂದು ತಿಳಿಸುವುದೇ ವ್ಯಾಪಾರಧರ್ಮ. ತಯಾರಿಸುವುದಾದರೆ ಮೋಟಾರಿನ ತೂಕ, ಅಶ್ವಶಕ್ತಿ, ಹಲಗೆಯ ಎತ್ತರ ಹಾಗೂ ದಪ್ಪವನ್ನು ಬರಹದಲ್ಲಿ ಪಡೆಯಬೇಕು. ಅಷ್ಟೇ ಶಕ್ತಿಗೆ ಪ್ಲೇಟ್ ಯೋಗ್ಯವೆಂದು ಬಿಲ್ಲಿನಲ್ಲಿ ನಮೂದಿಸಬೇಕು. ಮೋಟಾರನ್ನು ದೋಣಿಗೆ ಬಿಗಿಯುವ ಸುರಕ್ಷಾ ಸರಪಳಿಯೂ ದರಪಟ್ಟಿಯಲ್ಲಿರಲಿ. ಬೋಲ್ಟು ಸಡಿಲಿದರೆ ನೀರುಪಾಲಾಗುವುದು ಪ್ಲೇಟಿಗಿಂತ ಹಲವು ಪಟ್ಟು ಬೆಲೆಬಾಳುವ ಮೋಟಾರು, ಅದರೊಡನೆ ಘಟಕದ ಹೆಸರು.