ಹೆಚ್ಚಾದದ್ದು ಹೊಸ್ತಿಲ ಹೊರಗೆ

12ನೆಯ ಶತಮಾನದ ಕಲ್ಯಾಣದಲ್ಲಿ ಆಯ್ದಕ್ಕಿ ಮಾರಯ್ಯನವರು ಒಂದು ದಿನ ಹೆಚ್ಚು ಅಕ್ಕಿ ತಂದರು. ಹೆಚ್ಚಾದದ್ದನ್ನು ಅಲ್ಲಿಯೇ ಸುರಿದು ಬರಲು ಹೇಳಿ ಲಕ್ಕಮ್ಮನವರು ಗಂಡನನ್ನು ಮರಳಿ ಕಳುಹಿಸಿದರು. ದಾಸೋಹದ ನೆಪದಲ್ಲಿಯೂ ಆಸೆ ಒಳಗೆ ಬರಬಾರದೆಂಬುದು ಆ ತಾಯಿಯ ನಿಲುವು.

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಸೀಮೆಯ ನಮ್ಮ ಮನೆಗಳನ್ನು ನೋಡಿರಿ. ಆಯೇರಿ ಬಂದ ಭಾಂಡೆ, ಉಡದ ಸೀರೆ, ಹರಕು ಚೀಲ ತುಂಬಿ, ಹಿರಿಯರಿಗೆ ಲಿಂಗಪೂಜೆಗೆ ಕೂಡಲು ಮೂಲೆಯಿಲ್ಲ.

ಉಪಾಯ ಸರಳ. ಮಹಾನವಮಿಗೆ ಮನೆ ತೊಳೆಯುವಾಗ, ವರುಷವಿಡೀ ಕೈ ಮುಟ್ಟದ್ದನ್ನು ಹೊರಗಿಡಿರಿ. ಭಾಂಡೆ ಊರ ದಾಸೋಹಕ್ಕೆ, ಸೀರೆ ಇಲ್ಲದವರಿಗೆ, ಹಳೆಯ ಅರಿವೆ ಕೌದಿಗೆ. ಬಿತ್ತನೆಯ ಜೋಳ ಮಾತ್ರ ಇರಲಿ. ಅದು ಕಾಯಕದ ಮೂಲ.

2023ರಲ್ಲಿ ಲಿಂಗೈಕ್ಯರಾದ ವಿಜಯಪುರದ ಸಿದ್ಧೇಶ್ವರ ಸ್ವಾಮಿಗಳ ಅಂಗಿಗೆ ಕಿಸೆಯೇ ಇರಲಿಲ್ಲ. ಕೊಟ್ಟದ್ದು ನಮ್ಮದು, ಅಟ್ಟದಲ್ಲಿ ಇಟ್ಟದ್ದು ಇಲಿಯದು.