ಹಳೆ ಫರ್ಸಿಗೆ ಹೊಸ ಹೊಳಪು

ಹಬ್ಬ ಹತ್ತಿರ ಬಂತೆಂದರೆ ಗೋಡೆಗೆ ಸುಣ್ಣಬಣ್ಣ ಬಳಿಸುತ್ತೇವೆ. ನೆಲದ ಮಾತು ಬಂದಾಗ ಮಾತ್ರ "ಈ ಹಳೆ ಫರ್ಸಿ ಕಿತ್ತು ಟೈಲ್ಸ್ ಹಾಕಿಸೋಣ" ಎನ್ನುವವರೇ ಹೆಚ್ಚು. ಸಾವಿರಾರು ರೂಪಾಯಿ ಸುರಿಯುವ ಮುನ್ನ ನಿಮ್ಮ ಕಾಲಡಿಯ ಕಲ್ಲನ್ನು ಒಮ್ಮೆ ಸರಿಯಾಗಿ ನೋಡಿ.

ಕಲಬುರಗಿ ನಗರದ ಹಳೆ ಮೊಹಲ್ಲಾಗಳಿರಲಿ, ಕಮಲಾಪುರದ ಹಳೆ ಮನೆಗಳಿರಲಿ, ಅಲ್ಲಿ ಪರಿಚಿತವಾದದ್ದು ಅದೇ ಜಿಲ್ಲೆಯ ಶಹಾಬಾದ್ ಕಲ್ಲು. ಇದು ಸುಣ್ಣಕಲ್ಲಿನ ಜಾತಿ. ವಾಡಿ, ಸೇಡಂ, ಮಳಖೇಡದ ಸಿಮೆಂಟ್ ಕಾರ್ಖಾನೆಗಳು ನಿಂತಿರುವುದೂ ಆ ಸೀಮೆಯ ಸುಣ್ಣಕಲ್ಲಿನ ಮೇಲೆಯೇ. ಬೇಸಿಗೆಯಲ್ಲಿ ಬಿಸಿಲು 40 ಡಿಗ್ರಿ ದಾಟುವ ಊರಿನಲ್ಲಿ ಬರಿಗಾಲಿಗೆ ತಂಪಾಗಿರುವ ನೆಲವಿದು.

ಸುಣ್ಣಕಲ್ಲಿಗೆ ದೊಡ್ಡ ಶತ್ರು ಆಸಿಡ್. ಕಲೆ ಹೋಗಲೆಂದು ಬಚ್ಚಲು ತೊಳೆಯುವ ಆಸಿಡ್ ಸುರಿದರೆ ಕಲೆಯ ಜೊತೆ ಕಲ್ಲಿನ ಮೈಯೂ ಕರಗುತ್ತದೆ. ಒರಟಾದ ಮೈಯಲ್ಲಿ ಕೊಳೆ ಮತ್ತಷ್ಟು ಬೇಗ ಕೂರುತ್ತದೆ. ನಿಂಬೆರಸ, ಹುಣಸೆರಸ ಚೆಲ್ಲಿದರೂ ಕೂಡಲೇ ಒರೆಸಿಬಿಡಿ.

ಪಾಲಿಶ್ ಮಾಡಿಸುವ ಮುನ್ನ ಒಂದೊಂದೇ ಕಲ್ಲನ್ನು ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅಡಿಯ ಗಾರೆ ಬಿಟ್ಟಿದೆ ಎಂದರ್ಥ. ಅಂಥ ಕಲ್ಲನ್ನು ಎತ್ತಿಸಿ ಮತ್ತೆ ಕೂರಿಸಬೇಕು. ಪದರ ಪದರವಾಗಿ ಏಳುತ್ತಿರುವ ಕಲ್ಲನ್ನು ಎಷ್ಟು ಉಜ್ಜಿದರೂ ಪ್ರಯೋಜನವಿಲ್ಲ, ಬದಲಾಯಿಸುವುದೇ ಒಳ್ಳೆಯದು. ಸಂದುಗಳ ಮಣ್ಣು ಕೆರೆದು ಸಿಮೆಂಟ್ ತುಂಬಿಸಿ, ಕೆಲವು ದಿನ ನೀರುಣಿಸಿ ಗಟ್ಟಿಯಾಗಲು ಬಿಡಿ.

ಅನಂತರ ಯಂತ್ರದ ಕೆಲಸ. ಮೊದಲು ಒರಟು ಉಜ್ಜುಗಲ್ಲು, ಆಮೇಲೆ ನಯವಾದದ್ದು. ನಂಬರು ಹೆಚ್ಚಿದಷ್ಟೂ ನಯ ಹೆಚ್ಚು. ನಡುವಿನ ನಂಬರು ಬಿಟ್ಟು ಅವಸರ ಮಾಡಿದರೆ ಗೀರುಗಳು ಉಳಿಯುತ್ತವೆ. ನೀರು ಹಾಕಿಯೇ ಉಜ್ಜಲು ಹೇಳಿ, ಒಣ ಧೂಳು ಶ್ವಾಸಕೋಶಕ್ಕೆ ಹಾನಿಕರ. ಒದ್ದೆ ನೆಲದಲ್ಲಿ ವಿದ್ಯುತ್ ಯಂತ್ರ ಓಡುವಾಗ ಮಕ್ಕಳನ್ನು ದೂರವಿಡಿ. ಉಳಿದ ರಾಡಿಯನ್ನು ಬಚ್ಚಲಿಗೆ ಬಿಡಬೇಡಿ, ಕೊಳವೆ ಕಟ್ಟಿಕೊಳ್ಳುತ್ತದೆ. ಮೊದಲು ಒಂದು ಮೂಲೆಯಲ್ಲಿ ಮಾಡಿಸಿ ನೋಡಿ, ಚದರಡಿಯ ದರವನ್ನು ಗೌಂಡಿಯೊಂದಿಗೆ ಮೊದಲೇ ಮಾತಾಡಿಕೊಳ್ಳಿ.

ಎಲ್ಲ ಕಡೆಯೂ ಕನ್ನಡಿಯ ಹೊಳಪು ಬೇಡ. ವುಝೂ ಮಾಡುವ ಜಾಗ, ಬಚ್ಚಲ ಹೊಸ್ತಿಲು, ಅಡುಗೆಮನೆಯ ನೀರಿನ ಬದಿ ತುಸು ಒರಟಾಗಿಯೇ ಇರಲಿ. ಒದ್ದೆ ಕಾಲಿನಲ್ಲಿ ನಡೆಯುವ ಅಮ್ಮಿಜಾನ್ ಒಮ್ಮೆ ಜಾರಿ ಬಿದ್ದು ಸೊಂಟದ ಮೂಳೆ ಮುರಿದರೆ, ಉಳಿಸಿದ ಹಣವೆಲ್ಲ ಆಸ್ಪತ್ರೆಗೆ ಹೋದೀತು. ಹೊಳಪಿಗೆಂದು ಎಣ್ಣೆ ಒರೆಸುವ ರೂಢಿಯನ್ನೂ ಬಿಡಿ. ಎಣ್ಣೆ ಧೂಳನ್ನು ಹಿಡಿಯುತ್ತದೆ, ಕಾಲನ್ನೂ ಜಾರಿಸುತ್ತದೆ.

ದಿನವೂ ಮರಳು, ಮಣ್ಣು ಗುಡಿಸಿ, ಬರಿಯ ನೀರಿನಲ್ಲಿ ಒರೆಸಿದರೆ ಸಾಕು. ಅಜ್ಜನ ಕಾಲದ ಫರ್ಸಿ ಮೊಮ್ಮಕ್ಕಳ ಕಾಲಕ್ಕೂ ಬಾಳುತ್ತದೆ.