ನಿಮಗಿದು ಗೊತ್ತೇ? ಲಾಜಿಸ್ಟಿಕ್ಸ್ ಅಂದರೆ ಬರೀ ಲಾರಿಯಲ್ಲ!

ಮಗಳು ‘ಲಾಜಿಸ್ಟಿಕ್ಸ್ ಓದ್ತೀನಿ’ ಅಂದರೆ ‘ಯಾಕಮ್ಮಾ, ಲಾರಿ ಆಫೀಸಲ್ಲಿ ಕೂರೋಕಾ?’ ಅನ್ನುವವರು ಇನ್ನೂ ಇದ್ದಾರೆ. ಲಾರಿ ಆಫೀಸೂ ಇದರಲ್ಲಿದೆ, ನಿಜ. ಆದರೆ ಅಲ್ಲಿಂದ ಹೊರಟವರು ಎಲ್ಲಿಗೆ ಮುಟ್ಟಿದ್ದಾರೆ ನೋಡಿ!

ಗದಗದ ವಿಜಯ ಸಂಕೇಶ್ವರರ ಮನೆತನದ್ದು ಮುದ್ರಣ, ಪ್ರಕಾಶನದ ಕಸುಬು. ಅವರು 1976ರಲ್ಲಿ ಸಾಗಣೆಗೆ ಇಳಿದಾಗ ಇದ್ದದ್ದು ಒಂದೇ ಒಂದು ಲಾರಿ. ಇವತ್ತು ಅವರ ವಿಆರ್‌ಎಲ್ ಕಂಪನಿಯ ಲಾರಿಗಳನ್ನು ಸಾವಿರದ ಲೆಕ್ಕದಲ್ಲಿ ಎಣಿಸಬೇಕು! ಆಮೇಲೆ ದಿನಪತ್ರಿಕೆಯನ್ನೂ ಕಟ್ಟಿದರು. ಬೆಳಗಾಗುವುದರೊಳಗೆ ಊರೂರು ಸೇರಲೇಬೇಕಾದ ಸರಕು ಅದು ತಾನೇ?

ಇನ್ನೊಬ್ಬ ಲಾರಿಯವರು ಅಮೆರಿಕದ ಮಾಲ್ಕಮ್ ಮೆಕ್‌ಲೀನ್. ಹೈಸ್ಕೂಲಿನ ಆಚೆ ಓದಿಲ್ಲ. ಮೂಟೆಗಳನ್ನು ಒಂದೊಂದಾಗಿ ಹೊತ್ತು ಹಡಗಿಗೆ ತುಂಬುವುದನ್ನು ನೋಡಿ, ಲಾರಿಯ ಡಬ್ಬಾವನ್ನೇ ಎತ್ತಿ ಹಡಗಿನಲ್ಲಿಟ್ಟರೆ ಹೇಗೆ ಅಂದುಕೊಂಡರು. 1956ರ ಏಪ್ರಿಲ್ 26ರಂದು 58 ಡಬ್ಬಾ ಹೊತ್ತ ಹಡಗು ನೆವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೊರಟಿತು. ಟನ್ ಸರಕು ತುಂಬಲು ತಗಲುತ್ತಿದ್ದ ಸುಮಾರು 5.86 ಡಾಲರ್ ಖರ್ಚು 16 ಸೆಂಟ್‌ಗೆ ಇಳಿಯಿತು. ಇಂದಿನ ಕಂಟೇನರ್ ಹಡಗುಗಳಿಗೆಲ್ಲ ದಾರಿ ತೋರಿಸಿದ್ದು ಅದೇ!

ಬೆಂಗಳೂರಿಗೂ ಬಂದರು ಇದೆ, ಗೊತ್ತೇ? ಸಮುದ್ರ ಮಾತ್ರ ಇಲ್ಲ! 1981ರಲ್ಲೇ ಇಲ್ಲಿಗೆ ರೈಲಿನಲ್ಲಿ ಕಂಟೇನರ್ ಬಂತು. ಇಂಥ ಒಣ ಬಂದರು ಈಗ ವೈಟ್‌ಫೀಲ್ಡ್‌ನಲ್ಲಿದೆ. ಕಸ್ಟಮ್ಸ್ ಕೆಲಸವೆಲ್ಲ ಅಲ್ಲೇ ಮುಗಿಯುತ್ತದೆ. ಅದನ್ನು ಮಾಡಿಸಿಕೊಡುವ ಕಸ್ಟಮ್ಸ್ ಬ್ರೋಕರ್ ಆಗಲು ಬರೀ ಡಿಗ್ರಿ ಸಾಲದು; ಸರ್ಕಾರದ ಲಿಖಿತ ಪರೀಕ್ಷೆ, ಮೇಲೆ ಮೌಖಿಕ ಪರೀಕ್ಷೆ ಎರಡನ್ನೂ ದಾಟಬೇಕು!

ಲಾರಿ ತುಂಬುವುದರಲ್ಲೂ ಲೆಕ್ಕವಿದೆ. ಬೆಂಗಳೂರಿನಿಂದ ಹುಬ್ಬಳ್ಳಿಗೆ ಹೊರಟ ಲಾರಿಗೆ ಹುಬ್ಬಳ್ಳಿಯ ಪಾರ್ಸೆಲ್ಲೇ ಮೊದಲು ಏರಬೇಕು. ಆಮೇಲೆ ಹಾವೇರಿ, ದಾವಣಗೆರೆ, ಚಿತ್ರದುರ್ಗ. ತುಮಕೂರಿನದು ಕಟ್ಟಕಡೆಗೆ, ಬಾಗಿಲ ಬಳಿ. ತಪ್ಪಿದರೆ ತುಮಕೂರಿನಲ್ಲೇ ಅರ್ಧ ಲಾರಿ ಖಾಲಿ ಮಾಡಿ ಮತ್ತೆ ತುಂಬಬೇಕು. ಹಮಾಲರು ಬೈಯದೆ ಬಿಡುತ್ತಾರೆಯೇ!

ಅಮೆಜಾನ್ ಗೋಡೌನಿನಲ್ಲಿ ಹಲ್ಲುಜ್ಜುವ ಬ್ರಷ್‌ನ ಪಕ್ಕ ಆಟಿಕೆ, ಅದರ ಪಕ್ಕ ಪುಸ್ತಕ ಇರಬಹುದು. ಬೇಕೆಂದೇ ಹಾಗೆ! ಖಾಲಿ ಇದ್ದ ಕಡೆ ಇಡು, ಎಲ್ಲಿಟ್ಟೆ ಅನ್ನುವುದನ್ನು ಕಂಪ್ಯೂಟರ್‌ಗೆ ಬಿಡು. ಒಪ್ಪ ಓರಣ ಮಾಡುತ್ತ ಕೂರುವುದಕ್ಕಿಂತ ಇದರಲ್ಲೇ ಜಾಗ ಉಳಿತಾಯ!

ಅಮೆರಿಕದ ಯುಪಿಎಸ್ ಪಾರ್ಸೆಲ್ ಗಾಡಿಗಳು ಆದಷ್ಟೂ ಎಡಕ್ಕೆ ತಿರುಗುವುದೇ ಇಲ್ಲ. ಅಲ್ಲಿ ಬಲಬದಿಯ ಸಂಚಾರ. ಎಡಕ್ಕೆ ತಿರುಗಬೇಕಾದರೆ ಎದುರು ಬರುವ ಗಾಡಿಗಳಿಗೆ ಕಾಯುತ್ತ ನಿಲ್ಲಬೇಕು, ಇಂಧನ ದಂಡ. ದಾರಿ ಸುತ್ತಾದರೂ ಸರಿ, ಬಲಕ್ಕೇ ತಿರುಗು!

ಲಾರಿಯೇ ರೈಲು ಹತ್ತುವುದನ್ನು ನೋಡಿದ್ದೀರಾ? ಸುರತ್ಕಲ್‌ಗೆ ಹೋಗಿ ನೋಡಿ. ಕೊಂಕಣ ರೈಲ್ವೆಯಲ್ಲಿ ಸರಕು ತುಂಬಿದ ಲಾರಿಗಳು ಸಾಲಾಗಿ ಗೂಡ್ಸ್ ಗಾಡಿ ಏರುತ್ತವೆ. ಘಟ್ಟ, ತಿರುವು, ಮಳೆ ಯಾವ ಚಿಂತೆಯೂ ಇಲ್ಲ. ಡ್ರೈವರ್ ತನ್ನ ಲಾರಿಯಲ್ಲೇ ಆರಾಮ!

ಪಿನ್‌ಕೋಡ್ ಕೊಟ್ಟ ಅಧಿಕಾರಿ ಶ್ರೀರಾಮ ಭಿಕಾಜಿ ವೇಲಣಕರ್ ಸಂಸ್ಕೃತ ಕವಿ! 1972ರ ಆಗಸ್ಟ್ 15ರಿಂದ ಅವರ ಆರು ಅಂಕಿಗಳೇ ನಮ್ಮ ಟಪಾಲಿಗೆ ದಾರಿ ತೋರಿಸುತ್ತಿವೆ.

ಟಿಮ್ ಕುಕ್ 1998ರಲ್ಲಿ ಆಪಲ್‌ಗೆ ಸೇರಿದ್ದು ಫೋನ್ ವಿನ್ಯಾಸ ಮಾಡಲು ಅಲ್ಲ, ಸರಕು ಸರಬರಾಜು ನೋಡಿಕೊಳ್ಳಲು. ಗೋಡೌನುಗಳನ್ನು ಮುಚ್ಚಿಸಿದರು. ದಾಸ್ತಾನನ್ನು ಹಾಲಿನಂತೆ ಬೇಗ ಸಾಗಹಾಕಬೇಕು ಅನ್ನುವುದು ಅವರ ಲೆಕ್ಕ. 2011ರಲ್ಲಿ ಕಂಪನಿಯ ಮುಖ್ಯಸ್ಥರೇ ಆದರು!

ಸಾಗಣೆ, ಲಾಜಿಸ್ಟಿಕ್ಸ್ ಕಲಿಸಲೆಂದೇ ಒಂದು ಕೇಂದ್ರೀಯ ವಿಶ್ವವಿದ್ಯಾಲಯವೂ ಇದೆ: ವಡೋದರದ ಗತಿಶಕ್ತಿ ವಿಶ್ವವಿದ್ಯಾಲಯ. ರೈಲ್ವೆ ಸಚಿವಾಲಯದ್ದು. ಮನೆಯಲ್ಲಿ ಪಿಯುಸಿ ಓದುವ ಮಕ್ಕಳಿದ್ದರೆ ಈಗಲೇ ಹೇಳಿಡಿ, ಅಲ್ಲಿ ಬಿ.ಟೆಕ್. ಸೀಟಿಗೆ ಜೆಇಇ ಮೇನ್ ಬರೆಯಬೇಕು!